ಬಿಲ್ಲು ಕಲಿಸಿದವರು ಯಾರು, ಕಲಿತವರು ಯಾರು?

ದಾವಣಗೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬೆಣ್ಣೆ ದೋಸೆ, ಮಂಡಕ್ಕಿ ಮತ್ತು ಒಂದು ಕಾಲದಲ್ಲಿ ಊರಿಗೆ ಹೆಸರು ತಂದ ಹತ್ತಿ ಗಿರಣಿಗಳು. ಹರಿಹರ ಎಂದರೆ ತುಂಗಭದ್ರೆ ಮತ್ತು ಹರಿಹರೇಶ್ವರ. ಈ ಎರಡು ಊರುಗಳಿಗೂ ಜಿಂಕೆಗೂ ಏನು ನಂಟು ಎಂದರೆ ಥಟ್ಟನೆ ಉತ್ತರ ಹೊಳೆಯಲಾರದು. ಆದರೆ ಹರಿಹರದಲ್ಲಿ ಹೊಳೆ ದಾಟಿ ಹುಬ್ಬಳ್ಳಿಯ ಹಾದಿ ಹಿಡಿದರೆ ಸಿಗುವ ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಇನ್ನೊಂದು ಬದಿಯಲ್ಲಿ, ದಾವಣಗೆರೆ ಜಿಲ್ಲೆಯದೇ ಆದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಈ ಬಯಲು ಸೀಮೆ ಹಿಂದೆ ಜಿಂಕೆಗಳ ನಾಡಾಗಿತ್ತು. ಆದ್ದರಿಂದಲೇ ಬೇಟೆಗಾರರ ನಾಡೂ ಆಗಿತ್ತು. ಇಲ್ಲಿನ ಬೇಡ ನಾಯಕರಿಗೆ ಬಿಲ್ಲುಗಾರಿಕೆ ರಕ್ತದಲ್ಲೇ ಬಂದದ್ದು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಹೊಗಳಿಕೆ. ಆದರೆ ಚರಿತ್ರೆಯನ್ನು ನೋಡಿದರೆ ಬಿಲ್ಲು ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ. ಅದು ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ. ಆ ವಿದ್ಯೆ ಯಾರಿಗೆ ದಕ್ಕಿತು, ಯಾರ ಕೈಯಿಂದ ತಪ್ಪಿತು ಎಂಬುದರಲ್ಲೇ ಈ ನಾಡಿನ ಕಥೆಯ ಒಂದು ಭಾಗ ಅಡಗಿದೆ.

ಬಯಲಿನ ಬೇಟೆಯ ಕಷ್ಟ

ಜನರ ಬಾಯಲ್ಲಿ ಜಿಂಕೆ, ಹುಲ್ಲೆ, ಚಿಗರಿ ಎಂದೆಲ್ಲ ಕರೆಸಿಕೊಳ್ಳುವ ಕೃಷ್ಣಮೃಗ ಪ್ರಾಣಿಶಾಸ್ತ್ರದ ಪ್ರಕಾರ ಚುಕ್ಕೆ ಜಿಂಕೆಯ ಕುಲಕ್ಕೆ ಸೇರಿದ್ದಲ್ಲ. ಚುಕ್ಕೆ ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ತಿರುಚಿದ ಕೊಂಬು ಜೀವಮಾನವಿಡೀ ಉಳಿಯುತ್ತದೆ. ಇದು ದಟ್ಟ ಕಾಡನ್ನು ಬಯಸುವ ಪ್ರಾಣಿಯೂ ಅಲ್ಲ. ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು ಇದಕ್ಕೆ ಬೇಕು. ಅಪಾಯ ಕಂಡರೆ ಗಂಟೆಗೆ 80 ಕಿಲೋಮೀಟರ್‌ವರೆಗಿನ ವೇಗದಲ್ಲಿ ಓಡಬಲ್ಲದು.

ಇಂಥ ಪ್ರಾಣಿಗೆ ಬಾಣ ಬಿಡುವುದು ಸುಲಭವಲ್ಲ. ಸಾಮಾನ್ಯ ಬಿಲ್ಲಿನಿಂದ ಹೊರಟ ಬಾಣ 50 ಮೀಟರ್ ಕ್ರಮಿಸಲು ಸುಮಾರು ಒಂದು ಸೆಕೆಂಡ್ ಬೇಕು. ಆದರೆ ಹೆದೆಯ ಸದ್ದು ಅದಕ್ಕಿಂತ ಬಹಳ ಮೊದಲೇ ಜಿಂಕೆಯ ಕಿವಿ ತಲುಪುತ್ತದೆ. ಬಾಣ ಮುಟ್ಟುವ ವೇಳೆಗೆ ಜಿಂಕೆ ಇದ್ದಲ್ಲಿ ಇರುವುದಿಲ್ಲ. ಹಾಗಾಗಿ ಬೇಟೆಗಾರ ಮೊದಲು ಕಲಿಯಬೇಕಾದದ್ದು ಬಾಣ ಬಿಡುವುದನ್ನಲ್ಲ, ಹತ್ತಿರ ಹೋಗುವುದನ್ನು. ಗಾಳಿ ಎತ್ತಣಿಂದ ಬೀಸುತ್ತಿದೆ, ಮಂದೆಯಲ್ಲಿ ಯಾವುದು ತಲೆ ಎತ್ತಿ ಕಾವಲಿದೆ, ಯಾವ ಹೊತ್ತಿನಲ್ಲಿ ನೀರಿಗೆ ಬರುತ್ತವೆ ಎಂಬುದು ತಿಳಿದಿರಬೇಕು. ಮೇಯುವ ದನಗಳಿಗೆ ಜಿಂಕೆ ಹೆದರುವುದಿಲ್ಲವಾದ್ದರಿಂದ ಪಳಗಿದ ಎತ್ತಿನ ಮರೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಸಾಗುವ ವಿಧಾನ ದೇಶದ ಹಲವೆಡೆ ಬಳಕೆಯಲ್ಲಿತ್ತು.

ಬಾಣ ನಾಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಗುಂಡಿನಂತೆ ಬಾಣ ಪ್ರಾಣಿಯನ್ನು ಬಿದ್ದಲ್ಲೇ ಕೆಡವುವುದು ಅಪರೂಪ. ರಕ್ತ ಹರಿದು ಅದು ಬಸವಳಿಯುವವರೆಗೆ ಕಾದು, ನೆಲದ ಮೇಲಿನ ಕಲೆ ಮತ್ತು ಗೊರಸಿನ ಗುರುತು ಹಿಡಿದು ಹಿಂಬಾಲಿಸಬೇಕು. ಇದೆಲ್ಲ ಹಿರಿಯರ ಬೆನ್ನ ಹಿಂದೆ ಅಲೆದು ಕಲಿಯುವ ಪಾಠ.

ಗ್ರಂಥದಲ್ಲಿ, ಕಲ್ಲಿನಲ್ಲಿ

ಬಿಲ್ಲುವಿದ್ಯೆಗೆ ನಮ್ಮಲ್ಲಿ ಶಾಸ್ತ್ರವೂ ಇತ್ತು. ಅಗ್ನಿಪುರಾಣದಲ್ಲಿ ಧನುರ್ವೇದಕ್ಕೆಂದೇ ಅಧ್ಯಾಯಗಳಿದ್ದು, ಆಲೀಢ, ಪ್ರತ್ಯಾಲೀಢ, ವೈಶಾಖ, ಮಂಡಲ ಮುಂತಾದ ನಿಲುವುಗಳನ್ನು ಅವು ವಿವರಿಸುತ್ತವೆ. ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಗ್ರಂಥ ಗುರಿಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ. ಬಿಲ್ಲುಗಾರನೂ ಗುರಿಯೂ ನಿಂತಿದ್ದರೆ ಸ್ಥಿರ, ಗುರಿ ಮಾತ್ರ ಚಲಿಸುತ್ತಿದ್ದರೆ ಚಲ, ಬಿಲ್ಲುಗಾರ ಚಲಿಸುತ್ತಿದ್ದರೆ ಚಲಾಚಲ, ಇಬ್ಬರೂ ಚಲಿಸುತ್ತಿದ್ದರೆ ದ್ವಯಚಲ. ಓಡುವ ಜಿಂಕೆಯನ್ನು ಕುದುರೆಯ ಮೇಲಿಂದ ಹೊಡೆಯುವುದು ಈ ಕೊನೆಯ, ಅತಿ ಕಠಿಣ ತರಗತಿಯ ಪಾಠ. ಹಳಗನ್ನಡದಲ್ಲಿ ಬಿಲ್ಲುವಿದ್ಯೆ ಕಲಿಸುವ ಗುರುವಿಗೆ ‘ಬಿಲ್ಲೋಜ’ ಎಂಬ ಹೆಸರೇ ಇದೆ. ಕಲಿಸುವವನಿಗೆ ಹೆಸರಿದೆಯೆಂದರೆ ಕಲಿಕೆ ರೂಢಿಯಲ್ಲಿತ್ತೆಂದೇ ಅರ್ಥ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸರ ವಿನೋದಗಳ ಸಾಲಿನಲ್ಲಿ ಬೇಟೆಯನ್ನೂ ಸೇರಿಸುತ್ತದೆ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯ ಅದರಲ್ಲಿದೆ. ಗ್ರಂಥ ಬರೆದವನು ದೊರೆ. ಆದರೆ ಇಂಥ ಉಪಾಯಗಳು ಅರಮನೆಯೊಳಗೆ ಹುಟ್ಟುವುದಿಲ್ಲ. ಕಾಡು ಬಲ್ಲವರ ಅನುಭವವೇ ಅರಮನೆಯ ಓಲೆಗರಿಗೆ ಏರಿತೆಂದು ತಿಳಿಯಬೇಕು.

ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅದಕ್ಕೂ ಒಂದು ಶತಮಾನ ಮೊದಲು, 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಅವಳ ಪಕ್ಕದ ಪುಟ್ಟ ಆಕೃತಿಯೊಂದು ಹೆಗಲ ಮೇಲಿನ ಬಿದಿರಿನ ತುದಿಗಳಿಗೆ ಜಿಂಕೆ ಮತ್ತು ಕೊಕ್ಕರೆಯನ್ನು ಕಟ್ಟಿ ಹೊತ್ತಿದೆ. ಇನ್ನೊಂದು ಆಕೃತಿ ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಸಿಕೊಳ್ಳುತ್ತಿದೆ. ಬೇಟೆ ಎಂದರೆ ಮುಳ್ಳು ತುಳಿಯುವ ದುಡಿಮೆ ಎಂಬುದು ಶಿಲ್ಪಿಗೆ ಗೊತ್ತಿತ್ತು.

ಹಿಂದಕ್ಕೆ ಬಾಗಿದ ಬಿಲ್ಲು

ಹಳ್ಳಿಯ ಬೇಟೆಗಾರನ ಬಿಲ್ಲು ಹೆಚ್ಚಾಗಿ ಬಿದಿರಿನದು. ಹೆದೆ ಕಟ್ಟಿದರೆ ಬಾಗುತ್ತದೆ, ಬಿಚ್ಚಿದರೆ ಹೆಚ್ಚು ಕಡಿಮೆ ನೆಟ್ಟಗಾಗುತ್ತದೆ. ಇದಕ್ಕಿಂತ ಭಿನ್ನವಾದದ್ದು ತುದಿಗಳು ಮುಂದಕ್ಕೆ ತಿರುಗಿದ, ಹೆದೆ ಬಿಚ್ಚಿದರೆ ವಿರುದ್ಧ ದಿಕ್ಕಿಗೆ ಬಾಗಿಕೊಳ್ಳುವ ಬಿಲ್ಲು. ಇಂದಿನ ಒಲಿಂಪಿಕ್ಸ್‌ನ ‘ರಿಕರ್ವ್’ ಬಿಲ್ಲು ಇದೇ ಜಾತಿಯದು. ಮಧ್ಯ ಏಷ್ಯಾದ ಕುದುರೆ ಸವಾರರು ಇದನ್ನು ಮರ, ಕೊಂಬು, ನರ ಮೂರನ್ನೂ ಅಂಟಿನಿಂದ ಬೆಸೆದು ಮಾಡುತ್ತಿದ್ದರು. ಬಿಲ್ಲುಗಾರನ ಕಡೆಗಿರುವ ಕೊಂಬು ಒತ್ತಡ ತಾಳುತ್ತದೆ, ಹೊರಬದಿಯ ನರ ಎಳೆತ ತಾಳುತ್ತದೆ. ಹೀಗಾಗಿ ಕುದುರೆಯ ಮೇಲೆ ಹಿಡಿಯಬಹುದಾದಷ್ಟು ಗಿಡ್ಡ ಬಿಲ್ಲಿನಲ್ಲೂ ಉದ್ದನೆಯ ಬಿಲ್ಲಿನ ಬಲ ತುಂಬುತ್ತದೆ. ಹೆಬ್ಬೆರಳಿಗೆ ಉಂಗುರ ತೊಟ್ಟು ಹೆದೆ ಸೆಳೆಯುವುದು ಅವರ ರೂಢಿ. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗುವುದು ಇದರ ದೋಷ. ಅಗ್ಗದ, ಕೆಟ್ಟರೆ ಮತ್ತೊಂದು ಮಾಡಿಕೊಳ್ಳಬಹುದಾದ ಬಿದಿರಿನ ಬಿಲ್ಲು ಹಳ್ಳಿಯಲ್ಲಿ ಉಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈ ಬಗೆಯ ಬಿಲ್ಲುಗಾರಿಕೆಯ ಮಹತ್ವವನ್ನು ಕನ್ನಡ ನಾಡಿನ ಅರಸನೊಬ್ಬ ಅರಿತುಕೊಂಡ ಪ್ರಸಂಗ ಚರಿತ್ರೆಯಲ್ಲಿ ದಾಖಲಾಗಿದೆ. ಅವನು ವಿಜಯನಗರದ ಇಮ್ಮಡಿ ದೇವರಾಯ. ಆಗ ಹರಿಹರವೂ ಅವನ ಆಳ್ವಿಕೆಯಲ್ಲಿತ್ತು. ಬಹಮನಿ ಸುಲ್ತಾನರೆದುರು ಮತ್ತೆ ಮತ್ತೆ ಸೋಲಾಗುವುದೇಕೆ ಎಂದು ಅವನು ಆಸ್ಥಾನಿಕರನ್ನು ವಿಚಾರಿಸಿದ. ಎದುರಾಳಿಗಳ ಉತ್ತಮ ಕುದುರೆಗಳು ಮತ್ತು ನುರಿತ ಬಿಲ್ಲುಗಾರರೇ ಕಾರಣ ಎಂಬ ಉತ್ತರ ಬಂತು. ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು ಜಹಗೀರು ಕೊಟ್ಟ, ಅವರಿಗಾಗಿ ಮಸೀದಿ ಕಟ್ಟಿಸಿದ, ತನ್ನ ಹಿಂದೂ ಸೈನಿಕರಿಗೆ ಅವರಿಂದ ಬಿಲ್ಲುವಿದ್ಯೆ ಕಲಿಯಲು ಆಜ್ಞೆ ಮಾಡಿದ. ಹೀಗೆಂದು ಬರೆದವನು 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ. ಎರಡು ಸಾವಿರ ಮುಸ್ಲಿಮರು, ಅರವತ್ತು ಸಾವಿರ ಹಿಂದೂಗಳು ಬಿಲ್ಲಿನಲ್ಲಿ ಪಳಗಿದರು ಎಂಬ ಅವನ ಲೆಕ್ಕವನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ಹಂಪಿಯಲ್ಲಿ ಇಂದಿಗೂ ನಿಂತಿರುವ, ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಈ ಒಡನಾಟಕ್ಕೆ ಕಲ್ಲಿನ ಸಾಕ್ಷಿ.

ಈ ಪ್ರಸಂಗವನ್ನು ಏಕಲವ್ಯನ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಬೇಡರ ಹುಡುಗನಿಗೆ ದ್ರೋಣ ವಿದ್ಯೆ ಕಲಿಸಲಿಲ್ಲ. ತಾನೇ ಕಲಿತಾಗ ಬಲಗೈ ಹೆಬ್ಬೆರಳನ್ನೇ ಕೇಳಿ ಪಡೆದ. ದೇವರಾಯನ ಪಡೆಯಲ್ಲಾದರೋ ಶತ್ರುವಿನ ವಿದ್ಯೆಯನ್ನು ಶತ್ರುವಿನ ಧರ್ಮದವರನ್ನೇ ಗುರುವಾಗಿ ಕೂರಿಸಿಕೊಂಡು ಕಲಿಯಲಾಯಿತು. ಒಂದು ಕಡೆ ಬೇಲಿ, ಇನ್ನೊಂದು ಕಡೆ ಬಾಗಿಲು.

ಬೇಟೆಯಿಂದ ಕೋಟೆಗೆ

ವಿದ್ಯೆಗೆ ಬಾಗಿಲು ತೆರೆದಾಗ ಏನಾಗಬಹುದು ಎಂಬುದಕ್ಕೆ ದಾವಣಗೆರೆ ತಾಲ್ಲೂಕಿನಲ್ಲೇ ಉದಾಹರಣೆಯಿದೆ. ಈ ತಾಲ್ಲೂಕಿನ ಮತ್ತಿಯಲ್ಲಿ ನಾಯಕನಾಗಿದ್ದ ಬೇಡ ಕುಲದ ತಿಮ್ಮಣ್ಣ ನಾಯಕ ವಿಜಯನಗರದ ಸೇವೆಯಲ್ಲಿ ಪರಾಕ್ರಮ ತೋರಿ 1568ರಲ್ಲಿ ಚಿತ್ರದುರ್ಗದ ಅಧಿಕಾರ ಪಡೆದ. ಅವನ ವಂಶ ಎರಡು ಶತಮಾನಗಳಿಗೂ ಹೆಚ್ಚು ಕಾಲ ದುರ್ಗವನ್ನಾಳಿತು. ಜಿಂಕೆಯ ಜಾಡು ಹಿಡಿಯುವವನ ಕಣ್ಣು, ಕಲ್ಲುಬಂಡೆಗಳ ನಡುವೆ ಸದ್ದಿಲ್ಲದೆ ಸಾಗುವ ಕಾಲು ಯುದ್ಧದಲ್ಲೂ ಬೆಲೆಬಾಳುವಂಥವೇ. ಬೇಡರ ಪಡೆಗಳು ದಕ್ಷಿಣದ ಅರಸರಿಗೆ ಬೇಕಾಗಿದ್ದು ಇದಕ್ಕೇ.

1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದ. ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ‘ಚೇಲಾ’ ಪಡೆಗೆ ಸೇರಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅಷ್ಟರಲ್ಲಿ ಕೋವಿಯ ಕಾಲ ಬಂದಿತ್ತು. ಬಿಲ್ಲು ಕಲಿಯಲು ವರ್ಷಗಳು ಬೇಕು, ಕೋವಿ ಕಲಿಯಲು ತಿಂಗಳುಗಳು ಸಾಕು. ಸೈನ್ಯಕ್ಕೆ ಬೇಡವಾದ ಬಿಲ್ಲು ಹಳ್ಳಿಯ ಬೇಟೆಗೆ ಮಾತ್ರ ಉಳಿಯಿತು.

ಬ್ರಿಟಿಷರು ಬಂದ ಮೇಲೆ ಆಯುಧ ಹಿಡಿಯುವುದೇ ಸರ್ಕಾರದ ಕಣ್ಣಿಗೆ ಅನುಮಾನದ ಸಂಗತಿಯಾಯಿತು. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರು 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿ ಆಯುಧ ಒಪ್ಪಿಸಲು ನಿರಾಕರಿಸಿದರು. ಬ್ರಿಟಿಷ್ ಪಡೆ ಊರಿಗೆ ನುಗ್ಗಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಹಲಗಲಿಯ ಲಾವಣಿ ಆ ನೋವನ್ನು ಇಂದಿಗೂ ಉಳಿಸಿಕೊಂಡಿದೆ. ಬೇಡನಿಗೆ ಆಯುಧವೆಂದರೆ ಕೇವಲ ಕೊಲ್ಲುವ ಸಾಧನವಾಗಿರಲಿಲ್ಲ. ಅದು ಅನ್ನ, ಅದು ಮಾನ. ಅದನ್ನು ಕಿತ್ತುಕೊಂಡರೆ ತಲೆಮಾರುಗಳ ಕಲಿಕೆಯನ್ನೇ ಕಿತ್ತುಕೊಂಡಂತೆ.

ಗುರಿ ಬದಲಾಯಿತು

ಸ್ವಾತಂತ್ರ್ಯಾನಂತರ ಬಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೊಂದು ತೆರೆ ಎಳೆಯಿತು. ಕೃಷ್ಣಮೃಗ, ಕೊಂಡುಕುರಿ ಎರಡೂ ಇದರ ಮೊದಲ ಅನುಸೂಚಿಯಲ್ಲಿವೆ. ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ. ಬಿಲ್ಲಿನಿಂದ ಕೊಂದರೂ ಅಷ್ಟೇ, ಬಂದೂಕಿನಿಂದ ಕೊಂದರೂ ಅಷ್ಟೇ. ಈ ಕಾಯ್ದೆಯನ್ನೂ ನಿಶ್ಶಸ್ತ್ರೀಕರಣ ಕಾಯ್ದೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಒಂದು ಆಳುವವರ ಭಯದಿಂದ ಹುಟ್ಟಿದ್ದು, ಇನ್ನೊಂದು ಅಳಿಯುತ್ತಿರುವ ಪ್ರಾಣಿಯ ಉಳಿವಿಗಾಗಿ ಬಂದದ್ದು. ಹುಲ್ಲುಗಾವಲು ಹೊಲವಾಗಿ, ರಸ್ತೆಯಾಗಿ, ಬಡಾವಣೆಯಾಗಿ ಬದಲಾದ ಮೇಲೆ ಉಳಿದ ಮಂದೆಗಳಿಗೆ ಕಾನೂನಿನ ಕಾವಲು ಅಗತ್ಯವೇ ಆಗಿತ್ತು. ಆದರೆ ರಾಣೆಬೆನ್ನೂರಿನ ಸುತ್ತ ಜಿಂಕೆಗಳು ಹೊಲಕ್ಕೆ ನುಗ್ಗಿ ಪೈರು ಮೇಯುವಾಗ ನಷ್ಟ ತಾಳುವವನು ರೈತ ಎಂಬುದನ್ನೂ ಮರೆಯುವಂತಿಲ್ಲ.

ಬೇಟೆಗೆ ಎಲ್ಲೆ ಹಾಕುವುದು ನಮ್ಮ ಕಥೆಗಳಿಗೆ ಹೊಸದೇನಲ್ಲ. ಕಾಣದ ಗುರಿಗೆ ಸದ್ದು ಹಿಡಿದು ಬಾಣ ಬಿಟ್ಟ ದಶರಥ ಮುನಿಕುಮಾರನನ್ನು ಕೊಂದ. ಜೋಡಿ ಜಿಂಕೆಗೆ ಬಾಣ ಬಿಟ್ಟ ಪಾಂಡು ಶಾಪಗ್ರಸ್ತನಾದ. ಮಾಯಾಜಿಂಕೆಯ ಬೆನ್ನು ಹತ್ತಿದ ರಾಮ ಸೀತೆಯನ್ನು ಕಳೆದುಕೊಂಡ. ಮೂವರೂ ನುರಿತ ಬಿಲ್ಲುಗಾರರೇ. ಅವರು ಎಡವಿದ್ದು ಗುರಿಯಲ್ಲಲ್ಲ, ಬಾಣ ಬಿಡುವ ಮುನ್ನದ ವಿವೇಕದಲ್ಲಿ. ಬೇಡನೊಬ್ಬನ ಬಾಣಕ್ಕೆ ಬಿದ್ದ ಕ್ರೌಂಚಪಕ್ಷಿಯನ್ನು ಕಂಡು ಮರುಗಿದ ವಾಲ್ಮೀಕಿಯ ಬಾಯಿಂದ ಆದಿಕಾವ್ಯ ಹೊರಟಿತು. ಅದೇ ವಾಲ್ಮೀಕಿಯನ್ನು ಮೂಲಪುರುಷನೆಂದು ನಂಬುವ ನಾಯಕ ಸಮುದಾಯದ ಗುರುಪೀಠ ಇರುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ.

ಬಿಲ್ಲು ಈಗ ಮೈದಾನಕ್ಕೆ ಬಂದಿದೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ, 122 ಸೆಂಟಿಮೀಟರ್ ಅಗಲದ ಗುರಿಹಲಗೆಗೆ ಬಾಣ ಬಿಡುತ್ತಾರೆ. ರಾಜಸ್ಥಾನದ ಬುಡಕಟ್ಟು ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಕಲಿಕೆ ಆರಂಭಿಸಿ, ತರಬೇತಿ ಪಡೆದು 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಹಳ್ಳಿಯ ಬಿಲ್ಲಿನಿಂದ ಅಲ್ಲಿಗೆ ತಲುಪಲು ಅವರಿಗೆ ದೊರೆತದ್ದು ಕಲಿಸುವವರು ಮತ್ತು ಅವಕಾಶ. ಕರ್ನಾಟಕ ಸರ್ಕಾರ ತನ್ನ ಕ್ರೀಡಾಪಟುಗಳಿಗೆ ನೀಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿದೆ. ಆ ಹೆಸರಿಗೆ ನಿಜವಾದ ಗೌರವ ಸಲ್ಲುವುದು ಬಯಲು ಸೀಮೆಯ ಹಳ್ಳಿಯ ಹುಡುಗ ಹುಡುಗಿಯರ ಕೈಗೆ ಬಿಲ್ಲೂ ಬಿಲ್ಲೋಜನೂ ಸಿಕ್ಕಾಗ. ಜಿಂಕೆಗಳು ರಾಣೆಬೆನ್ನೂರಿನ ಹುಲ್ಲಿನಲ್ಲಿ ಮೇದುಕೊಂಡಿರಲಿ. ವಿದ್ಯೆಗೆ ಬೇರೆ ಗುರಿಗಳು ಬೇಕಾದಷ್ಟಿವೆ.