ಬಾಲಕ್ಕೂ ಬೆಲೆ ತೆತ್ತ ರಾಯರು

ಚಂದ್ರಾ ಲೇಔಟಿನ ನಮ್ಮ ಮನೆಯ ಕೆಳಗಿನ ಮನೆಯಲ್ಲಿರುವ ಅಣ್ಣ ಕಾರು ಸಾಗಿಸುವ ಟ್ರೇಲರ್ ಓಡಿಸುತ್ತಾರೆ. ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಹೊತ್ತು ಚೆನ್ನೈ ಕಡೆಯ ಬಂದರಿಗೆ ಮುಟ್ಟಿಸಿ ಬರುವುದು ಅವರ ಕೆಲಸ. ಒಂದು ಭಾನುವಾರ ಗೇಟಿನ ಬಳಿ ಕೂತು ಫೋನಿನಲ್ಲಿದ್ದ ನೂರಾರು ಫೋಟೋಗಳನ್ನು ಅಳಿಸುತ್ತಿದ್ದರು. ಎಲ್ಲವೂ ಕಾರಿನ ಬಾಗಿಲು, ಬಂಪರು, ಗಾಜು. ಏನಣ್ಣ ಇದು ಎಂದೆ.

"ಗಾಡಿ ಹತ್ತಿಸೋ ಮುಂಚೆ ಒಂದ್ಸಲ, ಇಳಿಸಿದ್ಮೇಲೆ ಒಂದ್ಸಲ, ನಾಲ್ಕೂ ಕಡೆ ತೆಗೀಬೇಕಮ್ಮ. ದಾರೀಲಿ ಒಂದು ಗೀರು ಬಿದ್ರೂ ಯಾರ ಕೈಲಿ ಬಿತ್ತು ಅಂತ ಕೇಳ್ತಾರೆ. ಫೋಟೋ ಇಲ್ಲಾಂದ್ರೆ ನಮ್ಮ ಮಾತು ಯಾರು ನಂಬ್ತಾರೆ?"

ಆ ವಾರ ನಾನು ಓದುತ್ತಿದ್ದದ್ದು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನ ಬರಹವನ್ನು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಈತ ಕುದುರೆ ವ್ಯಾಪಾರಿ. ಸಾಳುವ ನರಸಿಂಹನ ಬಗ್ಗೆ ಬರೆಯುತ್ತ ಅವನೊಂದು ವಿಚಿತ್ರ ಸಂಗತಿ ಹೇಳುತ್ತಾನೆ. ಹೋರ್ಮುಜ್ ಮತ್ತು ಏಡನ್‌ನಿಂದ ಬರುವ ಕುದುರೆಗಳನ್ನು ರಾಜ ಮೂರಕ್ಕೆ ಸಾವಿರ ಪರ್ದಾವ್‌ನಂತೆ ಕೊಳ್ಳುತ್ತಿದ್ದ. ಬದುಕಿ ಬಂದದ್ದಕ್ಕೂ ಅದೇ ಬೆಲೆ, ಸತ್ತದ್ದಕ್ಕೂ ಅದೇ ಬೆಲೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ವ್ಯಾಪಾರಿ ತಂದು ತೋರಿಸಿದರೆ ಸಾಕಿತ್ತು.

ಅಣ್ಣನ ಫೋಟೋಗೂ ಈ ಬಾಲಕ್ಕೂ ನಡುವೆ ಐದು ಶತಮಾನಗಳಿವೆ. ಕೇಳುವ ಪ್ರಶ್ನೆ ಮಾತ್ರ ಒಂದೇ: ದಾರಿಯಲ್ಲಿ ಆದ ನಷ್ಟ ಯಾರದು? ಹಡಗಿನವನದೋ, ಮಾರುವವನದೋ, ಕೊಳ್ಳುವವನದೋ? ವಿಜಯನಗರ ಆ ನಷ್ಟವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿತು. ಯಾಕೆ ಎಂದು ಹುಡುಕುತ್ತ ಹೋದರೆ ಆ ಸಾಮ್ರಾಜ್ಯದ ಬಲವೂ ಕಾಣುತ್ತದೆ, ದೌರ್ಬಲ್ಯವೂ ಕಾಣುತ್ತದೆ.

*

ಕನ್ನಡದಲ್ಲಿ ವಾಹನ ಎಂದರೆ ಬಸ್ಸು, ಕಾರಷ್ಟೇ ಅಲ್ಲ. ಈಶ್ವರನ ನಂದಿಯೂ ವಾಹನ, ಗಣಪತಿಯ ಇಲಿಯೂ ವಾಹನ. ನಡುಗಾಲದ ಅರಸನಿಗೆ ವಾಹನವೆಂದರೆ ಮೊದಲು ಕುದುರೆ. ದಖ್ಖನಿನಲ್ಲಿ ನಾಡತಳಿಯ ಕುದುರೆಗಳು ಇರಲಿಲ್ಲವೆಂದಲ್ಲ. ಆದರೆ ಕವಚ ತೊಟ್ಟ ಸವಾರನನ್ನು ಹೊತ್ತು ವೇಗವಾಗಿ ನುಗ್ಗಬಲ್ಲ ಎತ್ತರದ ಕುದುರೆ ಅರೇಬಿಯಾ ಮತ್ತು ಪರ್ಷಿಯಾದ ಕಡೆಯಿಂದಲೇ ಬರಬೇಕಿತ್ತು. ಇಲ್ಲಿನ ಸೆಕೆ ಮತ್ತು ಮೇವು ಅವಕ್ಕೆ ಒಗ್ಗುತ್ತಿರಲಿಲ್ಲ. ಬಂದವು ಬೇಗ ಸಾಯುತ್ತಿದ್ದವು, ಆದ್ದರಿಂದ ಪ್ರತಿ ವರ್ಷ ಹೊಸದಾಗಿ ತರಿಸಬೇಕಾಗುತ್ತಿತ್ತು. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಅಲ್ಲಿ ಕುದುರೆಗಳಿಗೆ ಬೇಯಿಸಿದ ಆಹಾರ ಕೊಡುತ್ತಾರೆಂದು ಅಚ್ಚರಿಪಡುತ್ತಾನೆ. ಲಾಳ ಕಟ್ಟುವವರು ಇಲ್ಲಿಗೆ ಬರದಂತೆ ಕುದುರೆ ವ್ಯಾಪಾರಿಗಳೇ ತಡೆಯುತ್ತಾರೆ, ಕುದುರೆ ಸತ್ತಷ್ಟೂ ಅವರಿಗೆ ಲಾಭ ಎಂದೂ ದೂರುತ್ತಾನೆ.

ಈ ವ್ಯಾಪಾರ ವಿಜಯನಗರದಿಂದ ಶುರುವಾದದ್ದಲ್ಲ. ಹೊಯ್ಸಳರ ಕಾಲದ ಅರಸೀಕೆರೆಯ ಶಾಸನವೊಂದು ಚಟ್ಟಿಸೆಟ್ಟಿ ಎಂಬ ದೊಡ್ಡ ವರ್ತಕನನ್ನು ಹೊಗಳುತ್ತದೆ. ಅವನು ಹಡಗಿನಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ರಾಜರಿಗೆ ಮಾರುತ್ತಿದ್ದ. ಅರಸೀಕೆರೆ ಎಲ್ಲಿ, ಸಮುದ್ರ ಎಲ್ಲಿ! ಘಟ್ಟದ ಮೇಲಿನ ಊರಿನ ಸೆಟ್ಟಿಯೊಬ್ಬನ ಲೆಕ್ಕದ ಪುಸ್ತಕ ಅರಬ್ಬಿ ಸಮುದ್ರದ ಆಚೆ ದಡದವರೆಗೆ ಹರಡಿತ್ತು.

ಹಡಗಿನಲ್ಲಿ ಕುದುರೆ ಬರುತ್ತಿದ್ದುದು ಹೇಗೆ? ಹೋರ್ಮುಜ್‌ನ ಹಡಗುಗಳನ್ನು ನೋಡಿದ ಮಾರ್ಕೊ ಪೋಲೊಗೆ ಅವು ಹಿಡಿಸಲಿಲ್ಲ. ಕಬ್ಬಿಣದ ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ, ಬಹಳಷ್ಟು ಮುಳುಗುತ್ತವೆ ಎನ್ನುತ್ತಾನೆ. ಆ ಹಡಗಿನಲ್ಲಿ ಸರಕನ್ನು ತುಂಬಿ, ಅದರ ಮೇಲೆ ತೊಗಲು ಹೊದಿಸಿ, ತೊಗಲಿನ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಕೆಳಗೆ ಸರಕು, ಮೇಲೆ ವಾಹನ. ಒಂದೇ ಪ್ರಯಾಣದಲ್ಲಿ ಎರಡು ಬಾಡಿಗೆ.

ಹಡಗಿನ ವ್ಯಾಪಾರದಲ್ಲಿ ಇನ್ನೊಂದು ನಿಯಮವಿದೆ: ಖಾಲಿ ಹಿಂತಿರುಗಬಾರದು. 16ನೇ ಶತಮಾನದ ಆರಂಭದ ದುವಾರ್ತೆ ಬಾರ್ಬೊಸಾ ಭಟ್ಕಳದ ಬಗ್ಗೆ ಬರೆದದ್ದನ್ನು ಈ ಕಣ್ಣಿನಿಂದ ಓದಬೇಕು. ಹೋರ್ಮುಜ್‌ನ ಹಡಗುಗಳು ಅಲ್ಲಿಗೆ ಕುದುರೆ ಮತ್ತು ಮುತ್ತು ತರುತ್ತಿದ್ದವು. ಬಿಳಿ ಅಕ್ಕಿ, ಸಕ್ಕರೆ, ಕಬ್ಬಿಣ ಹೊತ್ತು ಮರಳುತ್ತಿದ್ದವು. ಕುದುರೆ ಘಟ್ಟ ಹತ್ತಿ ರಾಜಧಾನಿಗೆ ಹೋದರೆ, ಘಟ್ಟದ ಮೇಲಿನಿಂದ ಹೇರೆತ್ತುಗಳು ಸರಕು ಹೊತ್ತು ಇಳಿಯುತ್ತಿದ್ದವು.

ನಮ್ಮ ಕಾಲದ ಕಾರು ಹಡಗುಗಳ ಕತೆಯೂ ಹೀಗೆಯೇ ಶುರುವಾಯಿತು. 1960ರ ದಶಕದಲ್ಲಿ ಜಪಾನಿನ ಕಂಪನಿಗಳು ಕಟ್ಟಿಸಿದ ಮೊದಲ ಕಾರು ಹಡಗುಗಳು ಹೋಗುವಾಗ ಕಾರು ಒಯ್ದು, ಬರುವಾಗ ಧಾನ್ಯದಂಥ ಸರಕು ತುಂಬಿಕೊಂಡು ಬರುತ್ತಿದ್ದವು. ಕೇವಲ ಕಾರಿಗೆಂದೇ ಕಟ್ಟಿದ ಜಪಾನಿನ ಮೊದಲ ಹಡಗು 'ಟೊಯೋಟಾ ಮಾರು ನಂ. 10' ಬಂದದ್ದು 1970ರಲ್ಲಿ. ಅದನ್ನು ಓಡಿಸಿದ್ದು 1919ರಲ್ಲಿ ಹುಟ್ಟಿದ 'ಕೆ ಲೈನ್' ಕಂಪನಿ. ಇವತ್ತು ಚೆನ್ನೈ ಪಕ್ಕದ ಎನ್ನೂರು ಬಂದರಿನಿಂದ ನಮ್ಮ ದೇಶದ ಕಾರುಗಳು ಹೊರಡುತ್ತವೆ. ಲೋಕದಲ್ಲಿ ಇಂಥ ಹಡಗುಗಳನ್ನು ಓಡಿಸುವ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ಜಪಾನು, ನಾರ್ವೆಗಳವು. ಕಾರು ನಮ್ಮದು, ಹಡಗು ಅವರದು. ಈ ಮಾತನ್ನು ನೆನಪಿಟ್ಟುಕೊಂಡು ವಿಜಯನಗರಕ್ಕೆ ಮರಳೋಣ.

*

ಸಾವಿರಾರು ಕುದುರೆಗಳ ಲೆಕ್ಕ ಹೇಳುವ ಮೊದಲು ಒಂದೇ ಒಂದು ಕುದುರೆಯ ಕತೆ ಹೇಳಬೇಕು. ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಹೋರ್ಮುಜ್‌ನಿಂದ ಕುದುರೆ ಹಡಗು ಹತ್ತಿದ. ಆರು ವಾರದ ಪ್ರಯಾಣದ ಬಳಿಕ ಕೊಂಕಣದ ಚೌಲ್‌ನಲ್ಲಿ ಇಳಿದ. ಅವನ ಬಳಿ ಇದ್ದದ್ದು ಒಂದು ಗಂಡು ಕುದುರೆ; ಅದಕ್ಕೆ ನೂರು ರೂಬಲ್ ಸುರಿದಿದ್ದ. ಜುನ್ನರಿನಲ್ಲಿ ಅಸದ್ ಖಾನ್ ಎಂಬ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆ ಹೋಯಿತು, ಮೇಲೆ ಸಾವಿರ ಹೊನ್ನು ದಂಡ ಎಂದ. ಖುರಾಸಾನಿನ ಖ್ವಾಜಾ ಮುಹಮ್ಮದ್ ಎಂಬಾತ ನಡುವೆ ಬಂದು ಪರದೇಶಿಯನ್ನು ಕಾಪಾಡಿದ. ಕೊನೆಗೆ ನಿಕಿತಿನ್ ಕುದುರೆಯನ್ನು ಮಾರಿದ್ದು ನಮ್ಮ ಬೀದರಿನಲ್ಲಿ. ತನ್ನ ನಾಡಿಗೆ ಒಯ್ಯಬಹುದಾದ ಸರಕು ಇಲ್ಲಿ ಸಿಗಲಿಲ್ಲ, ಸಮುದ್ರದಲ್ಲಿ ಸುಂಕವೂ ಹೆಚ್ಚು, ಕಳ್ಳರೂ ಹೆಚ್ಚು ಎಂದು ಅವನು ನೊಂದುಕೊಂಡ. ಮರುಪ್ರಯಾಣಕ್ಕೆ ಸರಕಿಲ್ಲದ ವ್ಯಾಪಾರಿಯ ಸಂಕಟ ಅದು.

ಇದೇ ನಿಕಿತಿನ್ ಆಳಂದದ ಜಾತ್ರೆಯನ್ನು ಬಣ್ಣಿಸಿದ್ದಾನೆ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ಹತ್ತು ದಿನ ನಡೆಯುವ ಸಂತೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎನ್ನುತ್ತಾನೆ. ಸಂಖ್ಯೆಯನ್ನು ಹಾಗೇ ನಂಬಬೇಕಾಗಿಲ್ಲ. ಆದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ, ಲಾಡ್ಲೆ ಮಶಾಯಿಕರ ದರ್ಗಾದ ಸುತ್ತ, ಕುದುರೆ ಕೊಳ್ಳಲು ನಾಡಿನ ಮೂಲೆಮೂಲೆಗಳಿಂದ ಜನ ಸೇರುತ್ತಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಬಹಮನಿಗಳ ಕುದುರೆ ಚೌಲ್, ದಾಭೋಲ್‌ಗಳ ಮೂಲಕ ಬರುತ್ತಿತ್ತು. ವಿಜಯನಗರದ ಕುದುರೆ ಗೋವೆ, ಹೊನ್ನಾವರ, ಭಟ್ಕಳಗಳ ಮೂಲಕ. ತುಂಗಭದ್ರೆಯ ಎರಡೂ ದಡದ ಸೈನ್ಯಗಳು ಒಂದೇ ಸಮುದ್ರದ ಕಡೆಗೆ ಮುಖ ಮಾಡಿ ನಿಂತಿದ್ದವು.

ಹಾಗಾಗಿಯೇ ಬಂದರುಗಳಿಗಾಗಿ ರಕ್ತ ಹರಿಯಿತು. 1472ರಲ್ಲಿ ಬಹಮನಿಗಳ ಮಹಮೂದ್ ಗಾವಾನ್ ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡ. ಪೋರ್ಚುಗೀಸ್ ಚರಿತ್ರಕಾರ ಬರೋಸ್ ಹೇಳುವಂತೆ, 1479ರಲ್ಲಿ ವಿಜಯನಗರದ ಅರಸನ ಆಜ್ಞೆಯಂತೆ ಹೊನ್ನಾವರ, ಭಟ್ಕಳಗಳ ಮುಸ್ಲಿಂ ವರ್ತಕರ ಹತ್ಯೆ ನಡೆಯಿತು. ಬಹಮನಿಗಳಿಗೆ ಕುದುರೆ ಮಾರಿದರು ಎಂಬುದು ಅವರ ಮೇಲಿದ್ದ ಆರೋಪ. ಉಳಿದವರು ಗೋವೆಗೆ ಓಡಿ ನೆಲೆ ಕಂಡರು. ಕುದುರೆ ತಂದುಕೊಡುವ ಕೈಗಳನ್ನೇ ಕಡಿದರೆ ವ್ಯಾಪಾರ ಶತ್ರುವಿನ ಬಂದರಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು?

ಇದಾದ ಕೆಲವೇ ವರ್ಷಗಳಲ್ಲಿ ಸಾಳುವ ನರಸಿಂಹ ಪಟ್ಟಕ್ಕೆ ಬಂದ. ಈಗ ಆ ಬಾಲದ ಕತೆಯನ್ನು ಮತ್ತೆ ಓದಿ. ಅದನ್ನು ಅರಸನ ದುಂದುಗಾರಿಕೆ ಎಂದು ನಗುತ್ತ ಹೇಳುವುದುಂಟು. ನನಗೆ ಅದು ಲೆಕ್ಕಾಚಾರದ ಮಾತಾಗಿ ಕಾಣುತ್ತದೆ. ಬೆದರಿದ ವ್ಯಾಪಾರಿಗಳನ್ನು ಮತ್ತೆ ತನ್ನ ಬಂದರಿಗೆ ಸೆಳೆಯಬೇಕಿತ್ತು. ಹೊಲಿದ ಹಡಗಿನಲ್ಲಿ, ತೊಗಲಿನ ಮೇಲೆ ನಿಂತು ಬರುವ ಕುದುರೆಗಳಲ್ಲಿ ಎಷ್ಟು ಉಳಿಯುತ್ತವೋ ಯಾರಿಗೂ ಗೊತ್ತಿಲ್ಲ. ಆ ಭಯವನ್ನು ಅರಸ ದುಡ್ಡು ಕೊಟ್ಟು ಕೊಂಡ. ವಿಮೆ ಎಂಬ ಪದವಿಲ್ಲದ ಕಡೆ ವಿಮೆಯ ಕೆಲಸವನ್ನು ಬಾಲ ಮಾಡಿತು.

ಒಂದು ಎಚ್ಚರಿಕೆಯೂ ಬೇಕು. ಇದನ್ನು ಹೇಳಿದ ನೂನಿಜ್ ಸ್ವತಃ ಕುದುರೆ ಮಾರುವವನು, ಅದೂ ನರಸಿಂಹನ ಕಾಲವಾಗಿ ನಾಲ್ಕು ದಶಕಗಳಾದ ಮೇಲೆ ಬರೆದವನು. ಹಳೆಯ ಅರಸ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ ಎಂಬ ಮಾತಿನಲ್ಲಿ ಈಗಿನವರೂ ಕೊಡಬಾರದೇ ಎಂಬ ವ್ಯಾಪಾರಿಯ ಆಸೆ ಬೆರೆತಿರಬಹುದು. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾರೆ ಎಂಬ ಅವನ ಲೆಕ್ಕವನ್ನೂ ಹಾಗೆಯೇ ತೂಗಬೇಕು. ಅದರಲ್ಲಿ ಹೋರ್ಮುಜ್‌ನ ಕುದುರೆಯ ಜೊತೆ ನಾಡತಳಿಯೂ ಸೇರಿದೆ. ಒಳ್ಳೆಯದನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಅರಸ ತನ್ನ ದಂಡನಾಯಕರಿಗೇ ದಾಟಿಸಿ ದುಡ್ಡು ಮಾಡಿಕೊಳ್ಳುತ್ತಾನೆ ಎಂದೂ ನೂನಿಜ್ ಬರೆದಿದ್ದಾನೆ. ಅಂದರೆ ಸಮುದ್ರದ ನಷ್ಟದ ಒಂದು ಪಾಲು ಕೆಳಗಿನವರ ತಲೆಗೆ ಇಳಿಯುತ್ತಿತ್ತು. ದಂಡನಾಯಕ ಅದನ್ನು ಎಲ್ಲಿಂದ ತುಂಬಿಕೊಳ್ಳುತ್ತಿದ್ದ? ತನ್ನ ಪಾಲಿನ ಸೀಮೆಯ ರೈತರಿಂದ ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಭಟ್ಕಳದ ಕಡಲಿನಲ್ಲಿ ಸತ್ತ ಕುದುರೆಯ ಬಾಲಕ್ಕೆ ಬಯಲುಸೀಮೆಯ ಹೊಲವೊಂದು ಬೆಲೆ ತೆರುತ್ತಿತ್ತು.

*

1510ರಲ್ಲಿ ಆಟವೇ ಬದಲಾಯಿತು. ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದಿಂದ ಗೆದ್ದ. 1515ರಲ್ಲಿ ಹೋರ್ಮುಜ್ ಕೂಡ ಪೋರ್ಚುಗೀಸರ ಹಿಡಿತಕ್ಕೆ ಬಂತು. ಕುದುರೆ ಹತ್ತುವ ಬಂದರು, ಇಳಿಯುವ ಬಂದರು ಎರಡೂ ಒಬ್ಬರ ಕೈಯಲ್ಲಿ. ನಡುವಿನ ಸಮುದ್ರದಲ್ಲಿ ಅವರ ಪರವಾನಗಿ ಚೀಟಿ ಇಲ್ಲದ ಹಡಗು ಸಿಕ್ಕರೆ ವಶ. ಕುದುರೆ ಹಡಗುಗಳು ಗೋವೆಗೇ ಬರಬೇಕು, ಅಲ್ಲಿಯೇ ಸುಂಕ ಕಟ್ಟಬೇಕು ಎಂಬ ಒತ್ತಾಯ ಬಂತು. ಭಟ್ಕಳ ಬಡವಾಯಿತು.

ಕುದುರೆಯ ದುಡ್ಡು ಹೇಗೆ ಯುದ್ಧವನ್ನೇ ತರಬಲ್ಲದು ಎಂಬುದಕ್ಕೆ ನೂನಿಜ್ ಇನ್ನೊಂದು ಕತೆ ಹೇಳುತ್ತಾನೆ. ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಸಿದಿ ಮರ್ಕರ್ ಎಂಬವನ ಕೈಗೆ 40,000 ಪರ್ದಾವ್ ಕೊಟ್ಟು ಕಳಿಸಿದ. ಅವನು ಫೋಂಡಾದವರೆಗೆ ಹೋಗಿ, ಹಣದೊಂದಿಗೆ ಆದಿಲ್ ಶಾಹನ ಬಳಿಗೆ ಓಡಿದ. ಅವನನ್ನು ಒಪ್ಪಿಸಿ ಎಂದರೆ ಬಿಜಾಪುರ ಒಪ್ಪಲಿಲ್ಲ. 1520ರ ರಾಯಚೂರು ಯುದ್ಧಕ್ಕೆ ರಾಯ ಮುಂದಿಟ್ಟ ನೆಪ ಅದು. ಆ ಮುತ್ತಿಗೆಯಲ್ಲಿ ರಾಯನ ಪರ ಬಂದೂಕು ಹಿಡಿದ ಕ್ರಿಸ್ತೊವಾವ್ ದೆ ಫಿಗೆರೆದೊ ಕೂಡ ಕುದುರೆ ಮಾರಲು ಬಂದಿದ್ದವನೇ.

ಗೆದ್ದದ್ದು ರಾಯ. ಆದರೆ 1547ರ ಸೆಪ್ಟೆಂಬರ್ 19ರಂದು ವಿಜಯನಗರ ಮತ್ತು ಪೋರ್ಚುಗೀಸರ ನಡುವೆ ಆದ ಒಪ್ಪಂದವನ್ನು ಓದಿದರೆ ನಿಜವಾದ ಬಲ ಯಾರದೆಂದು ತಿಳಿಯುತ್ತದೆ. ಗೋವೆಗೆ ಇಳಿದ ಕುದುರೆಗಳು ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕೆ ಇಲ್ಲ. ಬದಲಿಗೆ ವಿಜಯನಗರದ ಕಬ್ಬಿಣ ಮತ್ತು ಪೆಟ್ಲುಪ್ಪು ಪೋರ್ಚುಗೀಸರಿಗೆ. ದಕ್ಷಿಣದ ಅತಿ ದೊಡ್ಡ ಸಾಮ್ರಾಜ್ಯ ತನ್ನ ಅಶ್ವಬಲಕ್ಕಾಗಿ ಒಂದು ಪುಟ್ಟ ದ್ವೀಪದ ಒಡೆಯರ ಸಹಿಗೆ ಕಾಯಬೇಕಾಯಿತು. 1565ರಲ್ಲಿ ತಾಳಿಕೋಟೆಯ ಬಳಿಕ ರಾಜಧಾನಿ ಹಾಳಾದಾಗ ಗೋವೆಯ ಕುದುರೆ ವ್ಯಾಪಾರವೂ ಕುಸಿಯಿತು. ಕೊಳ್ಳುವವನು ಹೋದ ಮೇಲೆ ಮಾರುವವನೂ ಉಳಿಯಲಿಲ್ಲ.

ವಿಜಯನಗರ ಹಡಗು ಕಟ್ಟಬೇಕಿತ್ತು ಎಂದು ಇಂದು ಕೂತು ಬುದ್ಧಿ ಹೇಳುವುದು ಸುಲಭ. ಹೊನ್ನಾವರ, ಭಟ್ಕಳಗಳ ಸಾಮಂತರ ಬಳಿ ದೋಣಿ, ನಾವಿಕರು ಇದ್ದರು. ಆದರೆ ಹೋರ್ಮುಜ್‌ವರೆಗಿನ ದೊಡ್ಡ ಸಾಗಣೆ ಬೇರೆಯವರ ಕೈಯಲ್ಲಿತ್ತು. ಅರಸರು ಕುದುರೆಯ ಬೆಲೆಯನ್ನು ಲೆಕ್ಕ ಹಾಕಿದರು. ದಾರಿಯ ಬೆಲೆಯನ್ನು ದುಡ್ಡಿನಿಂದ ತೀರಿಸಬಹುದು ಎಂದುಕೊಂಡರು. ವ್ಯಾಪಾರಿಗಳು ಹಲವರಿದ್ದಾಗ ಅದು ನಡೆಯಿತು. ಒಬ್ಬನೇ ಉಳಿದಾಗ ನಡೆಯಲಿಲ್ಲ.

ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಕುದುರೆಗಳ ಸಾಲು ಇಂದಿಗೂ ನಡೆಯುತ್ತಿದೆ. ಹಗ್ಗ ಹಿಡಿದವರು ಜೊತೆಯಲ್ಲಿದ್ದಾರೆ. ಹಡಗು ಆ ಸಾಲಿನಲ್ಲಿಲ್ಲ. ನಮ್ಮ ನುಡಿ ಮಾತ್ರ ಹಡಗನ್ನು ಮರೆತಿಲ್ಲ: ಬಂದರು, ಲಂಗರು, ಲಗಾಮು, ಜೀನು, ಸವಾರ, ಎಲ್ಲವೂ ಪರ್ಷಿಯನ್ ಮೂಲದ ಪದಗಳು.

ಮೊನ್ನೆ ವಿಜಯನಗರದ ಮೆಟ್ರೋ ನಿಲ್ದಾಣದಿಂದ ಮನೆಗೆ ನಡೆದು ಬಂದಾಗ ಅಣ್ಣ ಮತ್ತೆ ಚೆನ್ನೈಗೆ ಹೊರಟಿದ್ದರು. ಬಾಲದ ಕತೆ ಹೇಳಿದೆ. ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು: "ಅಲ್ಲಮ್ಮ, ಕುದುರೆ ಯಾರದು ಅಂತ ಬರ್ದವ್ರೆ, ಕೊಂಡೋರು ಯಾರು ಅಂತ ಬರ್ದವ್ರೆ. ಹಡಗಲ್ಲಿ ಅದಕ್ಕೆ ನೀರು ಕುಡಿಸ್ಕೊಂಡು ಬಂದೋನ ಹೆಸರು ಎಲ್ಲಾದ್ರೂ ಐತಾ?"

ನಾನು ಓದಿದ ಪುಟಗಳಲ್ಲಿ ಇಲ್ಲ. ನನ್ನ ಪ್ರಬಂಧದ ಮುಂದಿನ ಅಧ್ಯಾಯ ಅವನನ್ನು ಹುಡುಕುವುದರಿಂದ ಶುರುವಾಗಬೇಕು.