ಎಕ್ಸಿಬಿಷನ್ ರೋಡ್, ಲಂಡನ್

ಎಕ್ಸಿಬಿಷನ್ ರೋಡ್ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಿಂದ ಹೈಡ್ ಪಾರ್ಕ್‌ವರೆಗೆ ಸಾಗುವ, ಸುಮಾರು 800 ಮೀಟರ್ ಉದ್ದದ ರಸ್ತೆ. ವಾಹನಕ್ಕೂ ಪಾದಚಾರಿಗೂ ಒಂದೇ ನೆಲವೆಂಬ 'ಶೇರ್ಡ್ ಸ್ಪೇಸ್' ಪದ್ಧತಿಯ ಪರ-ವಿರೋಧ ವಾದಗಳೆರಡರಲ್ಲೂ ಇದರ ಹೆಸರು ಬರುತ್ತದೆ.

ಹೈಡ್ ಪಾರ್ಕಿನಲ್ಲಿ 1851ರಲ್ಲಿ ನಡೆದ ಮಹಾ ಪ್ರದರ್ಶನದ ಲಾಭದಿಂದ ಪಾರ್ಕಿನ ದಕ್ಷಿಣದ ಜಮೀನು ಕೊಳ್ಳಲಾಯಿತು. ಅಲ್ಲಿ ಮೂಡಿದ ರಸ್ತೆಗೂ ಪ್ರದರ್ಶನದ ಹೆಸರೇ ನಿಂತಿತು. ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಸೈನ್ಸ್ ಮತ್ತು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳು, ಇಂಪೀರಿಯಲ್ ಕಾಲೇಜು ಎಲ್ಲವೂ ಇಲ್ಲಿವೆ. ಜನಜಂಗುಳಿಗೆ ವಿಕ್ಟೋರಿಯನ್ನರು ಕಂಡುಕೊಂಡ ಪರಿಹಾರವೆಂದರೆ ನಡೆಯುವವರನ್ನು ನೆಲದಡಿಗೆ ಇಳಿಸುವುದು: ರೈಲು ನಿಲ್ದಾಣದಿಂದ ಹೊರಟ ಸುರಂಗದಾರಿ 1885ರಲ್ಲಿ ತೆರೆಯಿತು. ಮೊದಮೊದಲು ಅದಕ್ಕೆ ಒಂದು ಪೆನಿ ಸುಂಕವೂ ಇತ್ತು!

ನೆಲದ ಮೇಲೆಯೇ ಜಾಗ ಕೊಡುವ ಯೋಚನೆ ಬಂದದ್ದು ಬಹಳ ತಡವಾಗಿ, ಅದೂ ನೆದರ್‌ಲ್ಯಾಂಡ್ಸ್ ಕಡೆಯಿಂದ. ಸೂಚನಾಫಲಕ, ಸಿಗ್ನಲ್‌ಗಳನ್ನು ತೆಗೆದರೆ ಚಾಲಕ ತಾನಾಗಿಯೇ ಎಚ್ಚರಗೊಳ್ಳುತ್ತಾನೆ ಎಂದು ಅಲ್ಲಿನ ಸಂಚಾರ ಎಂಜಿನಿಯರ್ ಹಾನ್ಸ್ ಮಾಂಡರ್‌ಮನ್ ವಾದಿಸಿದ್ದರು. ಡಿಕ್ಸನ್ ಜೋನ್ಸ್ ವಾಸ್ತುಶಿಲ್ಪ ಸಂಸ್ಥೆ ಎಕ್ಸಿಬಿಷನ್ ರೋಡಿನ ಫುಟ್‌ಪಾತ್ ಅಂಚನ್ನೇ ಅಳಿಸಿತು. ಕಟ್ಟಡದಿಂದ ಕಟ್ಟಡಕ್ಕೆ ಸಮತಟ್ಟಾಗಿ, ಓರೆಗೆರೆಗಳು ಒಂದನ್ನೊಂದು ಹಾಯುವ ವಿನ್ಯಾಸದ ಗ್ರಾನೈಟ್ ಹಾಸಿತು. ವೇಗಮಿತಿ ಗಂಟೆಗೆ 20 ಮೈಲಿಗೆ ಇಳಿಯಿತು. 2012ರ ಒಲಿಂಪಿಕ್ಸ್‌ಗೆ ಮೊದಲೇ ಕೆಲಸ ಮುಗಿಯಿತು.

ವಾಹನ ವಿರಳವಾದ ನಿಲ್ದಾಣದ ಕಡೆಯ ತುದಿಯಲ್ಲಿ ಹೋಟೆಲ್‌ಗಳ ಮೇಜು-ಕುರ್ಚಿ ಹೊರಬಂದು ಬೀದಿ ಬೀದಿಯಂತಾಯಿತು. ಉತ್ತರದ ನೇರ, ಅಗಲ ಭಾಗದಲ್ಲಿ ಅದೇ ಮಾತು ಹೇಳುವುದು ಕಷ್ಟ; ಅಲ್ಲಿ ಕಾರುಗಳು ತಮ್ಮ ಸಾಲು ಬಿಡಲಿಲ್ಲ.

ಮೂಲ ತೊಡಕು ಬೇರೆಯದೇ. ಕಣ್ಣೋಟದಲ್ಲೇ ದಾರಿ ಕೇಳಿ ದಾರಿ ಕೊಡುವುದು ಈ ಪದ್ಧತಿಯ ಜೀವಾಳ; ಕಣ್ಣು ಕಾಣದವರ ಬಿಳಿಕೋಲಿಗಾದರೋ ಫುಟ್‌ಪಾತಿನ ಅಂಚೇ ಆಸರೆ. ಅಂಧರಿಗಾಗಿ ನಾಯಿಗಳಿಗೆ ತರಬೇತಿ ಕೊಡುವ 'ಗೈಡ್ ಡಾಗ್ಸ್' ಸಂಸ್ಥೆ ಯೋಜನೆಯನ್ನು ಬಲವಾಗಿ ವಿರೋಧಿಸಿತು. ಕಾಲಿಗೆ, ಕೋಲಿಗೆ ತಿಳಿಯುವ ಉಬ್ಬುಗೆರೆಗಳ ಪಟ್ಟಿ ರಸ್ತೆಯಲ್ಲಿ ಇದೆ. ಅದರಿಂದ ವಿವಾದವೇನೂ ತಣ್ಣಗಾಗಲಿಲ್ಲ. ಸ್ವತಃ ಅಂಧರಾದ, ಹೌಸ್ ಆಫ್ ಲಾರ್ಡ್ಸ್ ಸದಸ್ಯ ಕ್ರಿಸ್ ಹೋಮ್ಸ್ ದೇಶದ ಇಂಥ ರಸ್ತೆಗಳ ಬಗ್ಗೆ 2015ರಲ್ಲಿ ವರದಿ ತಂದರು: ಸಮೀಕ್ಷೆಗೆ ಉತ್ತರಿಸಿದವರಲ್ಲಿ 63% ಜನ ಅನುಭವ ಕೆಟ್ಟದ್ದೆಂದರು, 35% ಜನ ಅತ್ತ ಸುಳಿಯುವುದನ್ನೇ ಬಿಟ್ಟಿದ್ದರು.

2017ರ ಅಕ್ಟೋಬರಿನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎದುರು ಕಾರೊಂದು ಜನರತ್ತ ನುಗ್ಗಿ 11 ಮಂದಿ ಗಾಯಗೊಂಡರು. ಭಯೋತ್ಪಾದನೆಯ ಶಂಕೆ ಹಬ್ಬಿತಾದರೂ ಪೊಲೀಸರು ಅದನ್ನು ರಸ್ತೆ ಅಪಘಾತವೆಂದರು. ಮರುವರ್ಷ ಸರ್ಕಾರ, ಫುಟ್‌ಪಾತ್ ಅಂಚಿಲ್ಲದ ಹೊಸ ಯೋಜನೆಗಳನ್ನು ಸದ್ಯಕ್ಕೆ ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಸೂಚಿಸಿತು.