ಹೊತ್ತಗೆಯ ಹಿಂದಿನ ಕೈಗಳು

ಹೊತ್ತಗೆಯೆಂದೊಡನೆ ನಮಗೆ ನೆನಪಾಗುವುದು ಅದನ್ನು ಬರೆದವರ ಹೆಸರೊಂದೇ. ಆದರೆ ಮೊಳೆಯಚ್ಚಿನ ದಿನಗಳಲ್ಲಿ ಅದು ಓದುಗರ ಕೈಸೇರಬೇಕಾದರೆ ಕಾಗದ ಮಾಡುವವರು, ಅಚ್ಚಿನ ಮೊಳೆ ಎರೆಯುವವರು, ಅದನ್ನು ಜೋಡಿಸುವವರು, ಕರಡು ತಿದ್ದುವವರು, ರಟ್ಟು ಕಟ್ಟುವವರು, ಮಾರುವವರು, ಇವರೆಲ್ಲರ ದುಡಿಮೆಯೂ ಒಂದುಗೂಡಬೇಕಾಗಿತ್ತು. ನೆರೆಯ ಮಂಗಳೂರಿನ ಅಚ್ಚುಕೂಟದ ಚರಿತ್ರೆಯೇ ಇದಕ್ಕೆ ನಿದರ್ಶನವಾಗಿದೆ.

ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡುಮಸಿಯ ಬರಹವನ್ನಿಳಿಸಿ, ಕಲ್ಲನ್ನು ನೀರಿನಿಂದ ತೊಯ್ಯಿಸಿ, ಮಸಿಯ ಉರುಳೆಯನ್ನು ಹಾಯಿಸಿದರೆ ಬರಹವಿದ್ದೆಡೆ ಮಾತ್ರ ಮಸಿ ಹಿಡಿಯುವುದು. ಆದುದರಿಂದ ಅಂದವಾಗಿ ಬರೆಯಬಲ್ಲ ಲಿಪಿಕಾರನಿಲ್ಲದೆ ಯಂತ್ರವಿದ್ದೂ ಪ್ರಯೋಜನವಿರಲಿಲ್ಲ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರ ‘ಮಂಗಳೂರು ಸಮಾಚಾರ’ವು ಹೀಗೆಯೇ ಹೊರಬಂದಿತು. ಮರುವರ್ಷ ಅದು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಸಾಗಿ ‘ಕನ್ನಡ ಸಮಾಚಾರ’ವೆನಿಸಿತು. ಬಳಿಕ ಮೋಗ್ಲಿಂಗರು ‘ಜೈಮಿನಿ ಭಾರತ’, ದಾಸರ ಪದಗಳು ಮೊದಲಾದವನ್ನು ಅಚ್ಚುಮಾಡಿಸಿದಾಗ ಅದರ ವೆಚ್ಚವನ್ನು ವಹಿಸಿದವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಓಲೆಯಲ್ಲಿ ಕಾವ್ಯವನ್ನು ಕಾಪಾಡಿದ್ದ ಮನೆಗಳು, ವಿದ್ವಾಂಸರ ಶ್ರಮ, ಧನಿಕರ ಹಣ ಇವು ಕೂಡಿದುದರಿಂದಲೇ ಆ ಕಾರ್ಯ ಕೈಗೂಡಿತು.

1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಕಿಟ್ಟೆಲರ ಹೆಸರು ಬೆಳಗುತ್ತಿದೆ. ಅರ್ಥ ಹೇಳಿಕೊಟ್ಟ ಪಂಡಿತರನ್ನೂ, ಒಂದೊಂದು ಒತ್ತಕ್ಷರವನ್ನೂ ಹುಡುಕಿ ಜೋಡಿಸಿದ ಕೆಲಸಗಾರರನ್ನೂ ನೆನೆಯುವವರು ವಿರಳ.

ಇನ್ನೊಂದು ಸಂಗತಿಯು ಗಡಿನಾಡಿನವರಾದ ನಮಗೆ ವಿಶೇಷವಾಗಿ ಗಮನಾರ್ಹವಾದುದು. ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿಯೂ, ಮ್ಯಾನರರ ತುಳು ನಿಘಂಟು 1886ರಲ್ಲಿಯೂ ಮಂಗಳೂರಿನ ಇದೇ ಮುದ್ರಣಾಲಯದಿಂದ ಹೊರಬಂದವು. ಮೂರು ನುಡಿಗಳ ಕೋಶಗಳೂ ಒಂದೇ ಸೂರಿನಡಿ ಅಚ್ಚಾದವು. ನುಡಿಗಳ ನಡುವಣ ಎಲ್ಲೆಯು ದುಡಿಮೆಯ ಸಹಕಾರಕ್ಕೆ ಅಡ್ಡಿಯಾಗಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯದ ಎಲ್ಲೆ ಬದಲಾದರೂ ಹೊತ್ತಗೆಯ ಈ ಕೂಡುಬಾಳಿನಲ್ಲಿ ನಮಗಿರುವ ಪಾಲು ತಪ್ಪಿಲ್ಲ. ಕೊಳ್ಳುವವರಿಲ್ಲದಿದ್ದರೆ ಬರೆದವರ ಪ್ರತಿಭೆಯೂ ಅಚ್ಚುಕೂಟದ ಶ್ರಮವೂ ಅಟ್ಟದ ಪಾಲಾಗುವುವು. ನಮ್ಮ ಮನೆಮನೆಯೂ ವರ್ಷಕ್ಕೊಂದಾದರೂ ಕನ್ನಡ ಹೊತ್ತಗೆಯನ್ನು ಬೆಲೆಕೊಟ್ಟು ತರಿಸಿ, ಮಕ್ಕಳ ಕೈಯಲ್ಲಿರಿಸಲಿ. ಆ ಹೆಸರಿಲ್ಲದ ಕೈಗಳ ಸಾಲಿನಲ್ಲಿ ನಾವೂ ನಿಂತಂತಾಗುವುದು.